ಬಣ್ಣ ಕೇಳಿದ್ರಿ, ತಗಡು ಯಾರೂ ಕೇಳ್ಲಿಲ್ಲ

ಶನಿವಾರದಿಂದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. "ಬಣ್ಣ ಕೇಳಿದ್ರಿ ಸಾರ್, ಬಣ್ಣ ಕೊಟ್ವಿ. ತಗಡು ಯಾರೂ ಕೇಳ್ಲಿಲ್ಲ." ಹೇಳಿದ್ದು ಕಾರಿನ ತಗಡು ತಟ್ಟಿ ಸರಿಮಾಡುವ ಟಿಂಕರಿಂಗ್ ಮೇಸ್ತ್ರಿ. ದನಿ ಏರಿಸಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. 1968ರ ಫಿಯೆಟ್ ಡಿಲೈಟಿನ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಸ್ಕ್ರೂಡ್ರೈವರ್ ಒರೆಸುತ್ತಾ ಹೇಳಿದರು. ಅಷ್ಟು ಹೊತ್ತು ಕೂಗಾಡುತ್ತಿದ್ದ ಕಾರಿನ ಯಜಮಾನರೂ ಗ್ಯಾರೇಜಿನ ಮಾಲೀಕರೂ ಒಟ್ಟಿಗೇ ಬಾಯಿ ಮುಚ್ಚಿದರು.

ಗ್ಯಾರೇಜು ಬೆಂಗಳೂರಿನದು. ಹೆಸರು ಬೇಡ, ಇಂಥದ್ದು ಊರಿಗೆ ಹತ್ತು ಸಿಗುತ್ತವೆ. ಕಾರು ಅಲ್ಲಿ 14 ತಿಂಗಳು ಇದ್ದು ಮಾರ್ಚಿನಲ್ಲಿ ಹೊರಬಂತು. ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ಮುಂಗಾರು ಶುರುವಾದ ಮೂರನೇ ವಾರಕ್ಕೆ ಬಾಗಿಲುಗಳ ಕೆಳಗಿನ ಅಂಚಿನುದ್ದಕ್ಕೂ ಬೊಬ್ಬೆ ಎದ್ದವು. ಬಿಲ್ಲಿನಲ್ಲಿ ಇನ್ನೂ 90,000 ರೂಪಾಯಿ ಬಾಕಿ. ಯಜಮಾನರು ಕೊಡಲ್ಲ ಅಂದರು, ವಾಪಸ್ ಬಂದ ಕಾರನ್ನು ಮಾಲೀಕರು ಬಿಡಲ್ಲ ಅಂದರು. ಮೂರನೆಯವರೊಬ್ಬರು ನೋಡಲಿ ಎಂದು ಇಬ್ಬರೂ ಒಪ್ಪಿದ್ದರಿಂದ ನಾನು ಹೋಗಿದ್ದೆ.

ಇಂಥ ಕಾರನ್ನು ದೂರದಿಂದ ನೋಡಿ ಏನೂ ಹೇಳಬಾರದು. ಮೊದಲು ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಇಟ್ಟೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಇನ್ನೊಂದು ಸಲ ಬಳಿದಿದ್ದರೆ 250, 300. ಈ ಕಾರಿನ ಟಾಪಿನ ಮೇಲೆ 280 ತೋರಿಸಿತು, ಅದು ಒಳ್ಳೆಯದೇ. ಬಾನೆಟ್ 310. ಬಾಗಿಲ ಮಧ್ಯದಲ್ಲಿ 600. ಬಾಗಿಲ ತಳದಿಂದ ನಾಲ್ಕು ಬೆರಳು ಮೇಲೆ 1,400. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ರನ್ನಿಂಗ್ ಬೋರ್ಡಿಗೆ ಇಟ್ಟಾಗ ಗೇಜು ಅಂಕಿಯನ್ನೇ ತೋರಿಸಲಿಲ್ಲ. ಅದು ಅಳೆಯುವ ಮಿತಿ ದಾಟಿತ್ತು. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಟಾಪಿಗೆ ಗಪ್ಪನೆ ಕಚ್ಚಿಕೊಂಡಿತು, ರನ್ನಿಂಗ್ ಬೋರ್ಡಿನ ಮೇಲೆ ಬಿಟ್ಟರೆ ಜಾರಿ ನೆಲಕ್ಕೆ ಬಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ತಗಡಿನ ಸದ್ದಿಲ್ಲ, ಗೋಡೆ ತಟ್ಟಿದ ಹಾಗೆ.

ಆಮೇಲೆ ಬಾಗಿಲ ಸಂದು. ಡ್ರೈವರ್ ಕಡೆಯ ಬಾಗಿಲ ಹಿಂದಿನ ಅಂಚಿನಲ್ಲಿ ಮೇಲೆ 2 ಮಿಲಿಮೀಟರ್, ಕೆಳಗೆ 7. ನಾಲ್ಕು ಜನರನ್ನು ಒಳಗೆ ಕೂರಿಸಿ ಬಾಗಿಲು ತೆಗೆಯಿರಿ ಅಂದೆ. ಉಜ್ಜಿಕೊಂಡೇ ತೆರೆಯಿತು. ಈ ಒಂದು ಅಳತೆ ಸಾಕು, ಬಣ್ಣದ ಮಾತು ಪಕ್ಕಕ್ಕಿಡಬಹುದು. ಜೀಪಿಗೆ ಇರುವ ಹಾಗೆ ಈ ಡಿಲೈಟಿಗೆ, ಅಂದರೆ ಫಿಯೆಟ್ 1100ಕ್ಕೆ, ಭಾರ ಹೊರುವ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಫ್ಲೋರು, ಅದರ ಎರಡೂ ಬದಿಯ ರನ್ನಿಂಗ್ ಬೋರ್ಡು, ಪಿಲ್ಲರುಗಳು, ಟಾಪು ಇವೇ ಸೇರಿ ಭಾರ ಹೊರಬೇಕು. ಚಕ್ರಗಳು ಎರಡು ತುದಿಗೆ, ಜನ ನಡುವೆ. ರನ್ನಿಂಗ್ ಬೋರ್ಡಿನಲ್ಲಿ ಶಕ್ತಿ ಇಲ್ಲದಿದ್ದರೆ ನಡು ಜೋಲುತ್ತದೆ, ಬಾಗಿಲ ಚೌಕಟ್ಟಿನ ಮೇಲ್ಭಾಗ ಕಿರಿದಾಗುತ್ತದೆ, ಕೆಳಭಾಗ ಅಗಲವಾಗುತ್ತದೆ. ಬದಿಯಿಂದ ಇನ್ನೊಂದು ಗಾಡಿ ಗುದ್ದಿದರೆ ಒಳಗಿರುವವರಿಗೂ ಗುದ್ದಿದ್ದಕ್ಕೂ ನಡುವೆ ಇರುವುದು ಬಾಗಿಲು ಮತ್ತು ಇದೇ ತಗಡು.

ಇಬ್ಬರ ಒಪ್ಪಿಗೆ ಪಡೆದು ಮೇಸ್ತ್ರಿಗೆ ಒಂದು ಕಡೆ ಬಿಚ್ಚಲು ಹೇಳಿದೆ. ಸ್ಕ್ರೂಡ್ರೈವರಿಗೆ ಸುತ್ತಿಗೆಯಿಂದ ಎರಡು ಏಟು. ಅಂಗೈಯಗಲದ ಹೋಳೊಂದು ಕಳಚಿ ಬಿತ್ತು. ಅದನ್ನು ಎತ್ತಿಕೊಂಡು ಅಂಚು ನೋಡಿದೆ: ಮೇಲೆ ಕೆನೆಬಣ್ಣದ ತೆಳು ಗೆರೆ, ಅದರಡಿ ಬೂದು ಪ್ರೈಮರ್, ಅದರಡಿ 9 ಮಿಲಿಮೀಟರ್ ಪುಟ್ಟಿ, ಪುಟ್ಟಿಯ ಬೆನ್ನಿಗೆ ಅಂಟಿಕೊಂಡ ನ್ಯೂಸ್ ಪೇಪರು. ತೂತಿನೊಳಗೆ ಕೈ ಹಾಕಿದರೆ ಉಂಡೆಕಟ್ಟಿದ ಪೇಪರು ಇನ್ನಷ್ಟು ಬಂತು, ಒದ್ದೆಯಾಗಿ, ತುಕ್ಕಿನ ಕೆಂಪು ಹೀರಿಕೊಂಡು.

ಗ್ಯಾರೇಜ್ ಮಾಲೀಕರು ತಕ್ಷಣ ಹೇಳಿದ್ದು: "ಇದು ಹಳೇ ರಿಪೇರಿ. ಗಾಡಿ ನಮ್ಮಲ್ಲಿಗೆ ಬರೋವಾಗಲೇ ಹೀಗಿತ್ತು." ಆಗಲೂಬಹುದು. ಐವತ್ತು ವರ್ಷ ಮೀರಿದ ಕಾರಿನಲ್ಲಿ ಮೂವರು ಮೇಸ್ತ್ರಿಗಳ ಮೂರು ಕಾಲದ ತೇಪೆ ಸಿಗುವುದು ಮಾಮೂಲು. ನಾನೂ ನಂಬುತ್ತಿದ್ದೆನೋ ಏನೋ. ಆದರೆ ಪೇಪರಿನ ಒಂದು ಉಂಡೆಯನ್ನು ಬಿಡಿಸಿ ಬಾನೆಟ್ಟಿನ ಮೇಲೆ ಹರಡಿದಾಗ ಪುಟದ ಮೇಲಂಚಿನಲ್ಲಿ ತಾರೀಖು ಓದುವಂತಿತ್ತು. ಕಳೆದ ನವೆಂಬರ್. ಕಾರು ಆ ಹೊತ್ತಿಗೆ ಈ ಗ್ಯಾರೇಜಿಗೆ ಬಂದು ಹತ್ತು ತಿಂಗಳಾಗಿತ್ತು.

ಮೇಸ್ತ್ರಿ ಆ ಮಾತು ಹೇಳಿದ್ದು ಆಗಲೇ.

ಮಾಲೀಕರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಉಳಿದಿಲ್ಲ. ಪೇಪರು ತುಂಬಿದ್ದಕ್ಕಿಂತ, ಕಣ್ಣೆದುರು ಕಂಡ ಮೇಲೂ ಹಳೇ ರಿಪೇರಿ ಅಂದದ್ದು ನನಗೆ ಹೆಚ್ಚು ಕೆಟ್ಟದ್ದೆನಿಸಿತು. ಯಜಮಾನರನ್ನೂ ಪೂರ್ತಿ ಬಿಡಲಾರೆ. ಹದಿನಾಲ್ಕು ತಿಂಗಳಲ್ಲಿ ಅವರು ಕಳಿಸಿದ ಮೆಸೇಜುಗಳನ್ನು ತೋರಿಸಿದರು. ಮೊಬೈಲಲ್ಲಿ ಕಂಡ ಕಾರುಗಳ ಫೋಟೊ, ಇಂಥದೇ ಶೈನ್ ಬೇಕು, ಮದುವೆಯ ಮೊದಲು ಸಿಗುತ್ತಾ. ತಗಡಿನ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಎಸ್ಟಿಮೇಟು ನೋಡಿದರೆ ಅಚ್ಚಾದ ಲೆಟರ್‌ಹೆಡ್ಡಿನಲ್ಲಿ ಬಾಡಿಯ ಬಗ್ಗೆ ಒಂದೇ ಸಾಲು: ಫುಲ್ ಬಾಡಿ ರೆಸ್ಟೋರೇಶನ್ ವಿತ್ ಪೇಂಟ್, 3,80,000. ಈ ಒಂದು ಸಾಲಿನೊಳಗೆ ಯಜಮಾನರು ಹೊಸ ಕಾರನ್ನು ಓದಿಕೊಂಡರು, ಮಾಲೀಕರು ಪುಟ್ಟಿ ಮತ್ತು ಬಣ್ಣವನ್ನು ಓದಿಕೊಂಡರು. ಮೇಸ್ತ್ರಿಗೆ ಯಾರೂ ಆ ಕಾಗದ ತೋರಿಸಿಯೇ ಇರಲಿಲ್ಲ.

ಪುಟ್ಟಿಯನ್ನೇ ಬೈಯುವವರನ್ನು ನಾನು ಒಪ್ಪುವುದಿಲ್ಲ. ಪಾಲಿಯೆಸ್ಟರ್ ಪುಟ್ಟಿ ಒಳ್ಳೆಯ ಸಾಮಾನು, ಅದರ ಜಾಗದಲ್ಲಿದ್ದರೆ. ಸುತ್ತಿಗೆ, ತಗಡಿನ ಹಿಂದೆ ಆನಿಸುವ ಡಾಲಿ ಹಿಡಿದು ತಗಡನ್ನು ಸಮ ಮಾಡಿದ ಮೇಲೆ ಉಳಿಯುವ ಏರುತಗ್ಗಿಗೆ ಅದು ಬೇಕು, ಹೆಚ್ಚೆಂದರೆ 2ರಿಂದ 3 ಮಿಲಿಮೀಟರ್. ಅದಕ್ಕಿಂತ ದಪ್ಪವಾದರೆ ಬಿಸಿಲಿಗೆ ತಗಡು, ಪುಟ್ಟಿ ಎರಡೂ ಒಂದೇ ಅಳತೆಯಲ್ಲಿ ಹಿಗ್ಗದೆ ಪುಟ್ಟಿ ಅಂಚಿನಲ್ಲಿ ಬಿಡುತ್ತದೆ. ನೂರು ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 2 ಗ್ರಾಂ, ಚಳಿಗಾಲದಲ್ಲಿ 3. ಬೇಗ ಒಣಗಲಿ ಅಂತ ಕಣ್ಣಂದಾಜಿನಲ್ಲಿ ಹಿಂಡಿದರೆ ಪುಟ್ಟಿ ಪೆಡಸಾಗುತ್ತದೆ, ಹಾರ್ಡನರಿನಲ್ಲಿ ಉಳಿದ ಪೆರಾಕ್ಸೈಡ್ ತಿಂಗಳಾದ ಮೇಲೆ ತಿಳಿಬಣ್ಣದ ಮೇಲೆ ಹಳದಿ ಕಲೆಯಾಗಿ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು ನೀರು. ಪುಟ್ಟಿಯಲ್ಲಿ ಟಾಲ್ಕ್ ಪುಡಿ ಇರುತ್ತದೆ, ಸ್ಪಂಜಿನ ಹಾಗೆ ತೇವ ಹೀರುತ್ತದೆ. ಪ್ರೈಮರ್ ಬೀಳುವ ಮೊದಲೇ ವಾಟರ್ ಪೇಪರಿನಲ್ಲಿ, ಅಂದರೆ ಒದ್ದೆ ಮಾಡಿ ಉಜ್ಜುವ ಮರಳು ಕಾಗದದಲ್ಲಿ, ನೀರು ಹುಯ್ದು ಉಜ್ಜಿದರೆ ಆ ನೀರು ತಗಡಿನವರೆಗೂ ಇಳಿದು ಅಲ್ಲೇ ಕೂರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ದಿನವೂ ನಡೆಯುವುದು ಇದೇ. ಮೇಲೆ ಗಟ್ಟಿ ಕ್ಲಿಯರ್ ಕೋಟ್ ಬಿದ್ದ ಮೇಲೆ ತೇವಕ್ಕೆ ಹೊರಬರಲು ದಾರಿಯಿಲ್ಲ, ಕೆಳಗೆ ತುಕ್ಕು ಶುರು.

ಸರಿಯಾದ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಬರಿ ತಗಡಿನ ಮೇಲೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, ಒಣ ಉಜ್ಜು, ಆಮೇಲೆ ಮೇಲ್ಮೈ ಸಮ ಮಾಡುವ ಇನ್ನೊಂದು ಪ್ರೈಮರ್, ಪಿಯು ಸರ್ಫೇಸರ್. ಅದನ್ನು ಬೇಕಾದರೆ 600, 800 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಲಿ, ಅಭ್ಯಂತರವಿಲ್ಲ. ಅಂದರೆ ಪುಟ್ಟಿ ಎರಡು ಪ್ರೈಮರುಗಳ ನಡುವೆ ಇರಬೇಕು. ಬಿದ್ದ ಹೋಳಿನ ಅಂಚಿನಲ್ಲಿ ನಾನು ಹುಡುಕಿದ್ದು ಪುಟ್ಟಿಯ ಕೆಳಗಿನ ಆ ಗೆರೆಯನ್ನು. ಇರಲಿಲ್ಲ.

ಈ ಕಾರಿನಲ್ಲಿ ಇನ್ನೊಂದಿತ್ತು. ಫಿಯೆಟ್ ಬಾಗಿಲ ತಳದ ಮಡಿಕೆಯಲ್ಲಿ ನೀರು ಹೋಗಲು ತೂತುಗಳಿವೆ. ಗಾಜಿನ ಪಕ್ಕದ ರಬ್ಬರಿನಿಂದ ಇಳಿಯುವ ಮಳೆನೀರು ಬಾಗಿಲೊಳಗೆ ಬಂದೇ ಬರುತ್ತದೆ, ಅದು ಹೊರಗೆ ಹೋಗಬೇಕಾದ್ದು ಇಲ್ಲಿಂದ. ನಾಲ್ಕೂ ಬಾಗಿಲಲ್ಲಿ ತೂತುಗಳು ಕಪ್ಪು ರಬ್ಬರ್ ಕೋಟಿಂಗಿನಡಿ ಮುಚ್ಚಿಹೋಗಿದ್ದವು. ಮೊಳೆಯಿಂದ ಒಂದನ್ನು ಚುಚ್ಚಿದಾಗ ಕಂದು ನೀರು ಅರ್ಧ ಲೋಟದಷ್ಟು ಸುರಿಯಿತು. ಮೂರನೇ ವಾರಕ್ಕೇ ಬೊಬ್ಬೆ ಎದ್ದದ್ದು ಯಾಕೆಂದು ಯಜಮಾನರಿಗೆ ಬಾಯಲ್ಲಿ ಹೇಳಬೇಕಾಗಲಿಲ್ಲ.

ರನ್ನಿಂಗ್ ಬೋರ್ಡ್ ಪೂರ್ತಿ ಕತ್ತರಿಸಬೇಕು ಅಂದಾಗ ಅವರು ಹೆದರಿದರು. "ಇಷ್ಟೆಲ್ಲ ಕತ್ತರಿಸಿದರೆ ಅದು ಅದೇ ಕಾರಾಗಿ ಉಳಿಯುತ್ತಾ?" ತಂದೆಯವರ ಕಾರು, ಕೇಳಬೇಕಾದ ಪ್ರಶ್ನೆಯೇ. ಇಂಗ್ಲೆಂಡಿನಲ್ಲಿ 1990ರಲ್ಲಿ ಇದೇ ಪ್ರಶ್ನೆ ನ್ಯಾಯಾಲಯದ ತನಕ ಹೋಗಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲಮಾನ್ ಕಾರು ಓಟ ಗೆದ್ದ ಬೆಂಟ್ಲಿ ಅದು, ಹೆಸರು ಓಲ್ಡ್ ನಂಬರ್ ಒನ್. ಓಟಕ್ಕೆಂದು, ಆಮೇಲೆ ಅಪಘಾತವಾಯಿತೆಂದು ಎಷ್ಟೋ ಭಾಗ ಬದಲಾಗಿ ಬಾಡಿಯೇ ಬೇರೆಯಾಗಿತ್ತು. ಕೊಳ್ಳುವವರು ಇದು ಆ ಕಾರಲ್ಲ ಎಂದು ಹಿಂದೆ ಸರಿದರು. ಕಾರಿನ ಬದುಕು ನಡುವೆ ಎಲ್ಲೂ ಕಡಿದಿಲ್ಲ, ಇದು ಅದೇ ಕಾರು ಎಂದು ನ್ಯಾಯಾಧೀಶ ಆಟನ್ ತೀರ್ಪು ಕೊಟ್ಟರು. ನಮ್ಮಲ್ಲಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಎ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ, 20,000 ರೂಪಾಯಿ ಶುಲ್ಕ, ಹತ್ತು ವರ್ಷ ಮಾನ್ಯ. ಆದರೆ ಚಾಸಿ, ಬಾಡಿ ಶೆಲ್, ಎಂಜಿನ್ ಮೂಲ ರೂಪದಲ್ಲಿರಬೇಕು. ಕೊಳೆತ ತಗಡು ತೆಗೆದು ಅದೇ ಆಕಾರದ, ಅದೇ ದಪ್ಪದ ತಗಡು ಕೂರಿಸುವುದು ರೂಪ ಬದಲಿಸಿದಂತಲ್ಲ ಎಂಬುದು ನನ್ನ ನಂಬಿಕೆ. ಚಾಸಿ ನಂಬರ್ ಪಂಚ್ ಆದ ತಗಡನ್ನು ಮಾತ್ರ ಯಾರೂ ಮುಟ್ಟಕೂಡದು. ಪೇಪರು ತುಂಬಿದ ಕಾರಿನಲ್ಲಿ ಕಾರ್ಖಾನೆಯ ರೂಪ ಬಣ್ಣದಲ್ಲಿ ಮಾತ್ರ ಇರುತ್ತದೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಮೇಸ್ತ್ರಿಯ ಮಾತೇ. ಬಣ್ಣ ಕೇಳಿದ್ರಿ. ನಮ್ಮ ಊರುಗಳಲ್ಲಿ ಜೀರ್ಣೋದ್ಧಾರ ಅಂದರೆ ಏನಾಗಿದೆ ನೋಡಿ. ಕೆತ್ತನೆಯ ಕಲ್ಲುಕಂಬಕ್ಕೆ ಎನಾಮಲ್ ಪೇಂಟು, ತಲೆಮಾರುಗಳು ನಡೆದು ನಯವಾದ ಹಾಸುಗಲ್ಲಿನ ಮೇಲೆ ಟೈಲ್ಸು. ಮಾಡಿಸಿದವರಲ್ಲಿ ಭಕ್ತಿಯಿದೆ, ಕೈಯಿಂದ ಹಣ ಹಾಕಿರುತ್ತಾರೆ. ಕಲ್ಲಿನ ಸಂದಿನಲ್ಲಿ ನೀರು ಇಳಿಯುತ್ತಿದೆಯಾ, ತಳಪಾಯ ಕುಸಿದಿದೆಯಾ ಎಂದು ನೋಡುವುದಕ್ಕೆ ಹಣ ಕೊಟ್ಟವರ ಹೆಸರು ಮಾತ್ರ ಗೋಡೆಯ ಫಲಕದಲ್ಲಿ ಬರುವುದಿಲ್ಲ. ಒಳಗಿನ ಕೆಲಸಕ್ಕೆ ಕಾಸು ಕೊಡುವುದು ನಮಗೆ ರೂಢಿಯಾಗಿಲ್ಲ, ಮಾಡುವವನಿಗೂ ಅದರಿಂದ ಹೆಸರು ಬರುವುದಿಲ್ಲ. ಎರಡೂ ರನ್ನಿಂಗ್ ಬೋರ್ಡಿನ ತಗಡು ಬದಲಿಸಲು ಒಳ್ಳೆಯ ಮೇಸ್ತ್ರಿಗೆ ಹತ್ತು ಹನ್ನೆರಡು ದಿನ ಬೇಕು. ಪೇಪರು ತುಂಬಿ ಪುಟ್ಟಿ ಎಳೆಯಲು ಒಂದು ದಿನ. ಫೋಟೊದಲ್ಲಿ ಎರಡೂ ಒಂದೇ.

ಕೋರ್ಟಿನ ಮಾತೂ ಬಂತು. ಯಜಮಾನರು ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಕಾಯಿದೆಯಡಿ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಮಾಲೀಕರೂ ತಮಗೊಂದು ಹಿಡಿತವಿದೆ ಅನ್ನಬಹುದು. 1872ರ ಕರಾರು ಕಾಯಿದೆಯ 170ನೇ ಕಲಮಿನ ಪ್ರಕಾರ, ಕೆಲಸಕ್ಕೆಂದು ಒಪ್ಪಿಸಿದ ವಸ್ತುವಿನ ಮೇಲೆ ಕೈಕೆಲಸ ಮಾಡಿದವನು ಕೂಲಿ ಸಿಗುವವರೆಗೂ ಅದನ್ನು ಇಟ್ಟುಕೊಳ್ಳಬಹುದು. ಆದರೆ ಕೆಲಸ ಒಪ್ಪಿದಂತೆ ಆಗಿರಬೇಕು. ಏನು ಒಪ್ಪಿದ್ದು? ಒಂದು ಸಾಲು. ಅಲ್ಲಿಗೆ ಇಬ್ಬರೂ ತಣ್ಣಗಾದರು.

ಸಂಜೆ ಆರಕ್ಕೆ ಒಂದು ಕಾಗದ ತಯಾರಾಯಿತು. ಕೂಲಿ ಗ್ಯಾರೇಜಿನದು, ತಗಡು ಮತ್ತು ಪ್ರೈಮರಿನ ಖರ್ಚು ಯಜಮಾನರದು, ಬಾಕಿ 90,000 ಕೆಲಸ ಮುಗಿದ ಮೇಲೆ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಪೈಪು ವೆಲ್ಡ್ ಮಾಡಿ ಅಳತೆ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಕಾರು ಜೋತ ಸ್ಥಿತಿಯಲ್ಲೇ ಗಟ್ಟಿಯಾಗಿಬಿಡುತ್ತದೆ. ತಗಡು 18 ಗೇಜ್ ದಪ್ಪದ, ಸತು ಲೇಪವಿಲ್ಲದ ಸಿಆರ್‌ಸಿ ಶೀಟ್. ಸತು ಲೇಪಿಸಿದ ಜಿಐ ಬೇಡ, ಅದರ ಸತು ವೆಲ್ಡಿಂಗಿನಲ್ಲಿ ಉರಿದು ಹೊಗೆಯಾಗುತ್ತದೆ, ಬೆಸುಗೆಯಲ್ಲಿ ತೂತು ಬಿಡುತ್ತದೆ. ಗಾಳಿ ತಾಗದಂತೆ ಅನಿಲ ಬಿಡುತ್ತಾ ಬೆಸೆಯುವ ಸಿಓ2 ವೆಲ್ಡಿಂಗ್ ಮಾತ್ರ, ಒಂದೊಂದು ಇಂಚು, ಜಾಗ ಬದಲಿಸುತ್ತಾ. ಒಂದೇ ಕಡೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಮುಚ್ಚುವ ಮೊದಲು ಪ್ರತಿ ಹಂತಕ್ಕೂ ಫೋಟೊ, ಮುಗಿದ ಮೇಲೆ ಒಳಗೆ ಮೇಣದ ಸ್ಪ್ರೇ. ಫೋಟೊ ತೆಗೆಯುವುದು ಮಾಲೀಕರಲ್ಲ, ಮೇಸ್ತ್ರಿ. ಈ ಸಾಲು ಸೇರಿಸಿದ್ದು ನಾನು. ಕಾಗದವನ್ನು ಅವರಿಗೆ ಓದಿ ಹೇಳಿ, ಅವರ ಸಹಿಯನ್ನೂ ಹಾಕಿಸಿದೆವು.

ಬುಧವಾರ ಬೆಳಿಗ್ಗೆ ಮೇಸ್ತ್ರಿಯಿಂದ ಮೊದಲ ಫೋಟೊ ಬಂತು. ಎಡಗಡೆ ಹೊರತಗಡು ತೆಗೆದಿದ್ದಾರೆ, ಅಡ್ಡಪೈಪು ಕಾಣುತ್ತಿದೆ. ಒಳತಗಡಿನಲ್ಲಿ, ಈ ಕಾರು ತಯಾರಾದ ಮುಂಬೈನ ಕುರ್ಲಾ ಕಾರ್ಖಾನೆಯ ಸ್ಪಾಟ್ ವೆಲ್ಡುಗಳ (ಚುಕ್ಕಿ ಬೆಸುಗೆಗಳ) ಸಾಲು ಒಂದೂ ಬಿಡದೆ ಹಾಗೇ ಇದೆ, ಮೇಲೆ ತೆಳುವಾದ ತುಕ್ಕಿನ ಪುಡಿ ಅಷ್ಟೇ. ಅದರಡಿ ಮೆಸೇಜು: "ಒಳಗಡೇದು ಗಟ್ಟಿ ಐತೆ ಸಾರ್. ಇದನ್ನೂ ಕುಯ್ಯೋದಾ?"

ಬೇಡ, ವೈರ್ ಬ್ರಷ್ ಹೊಡೆದು ಎಪಾಕ್ಸಿ ಹಾಕಿ, ಮುಚ್ಚೋ ಮುಂಚೆ ಇನ್ನೊಂದು ಫೋಟೊ ಕಳಿಸಿ ಎಂದು ಬರೆದೆ.