ಕಿತ್ತು ಬಂದ ಸ್ಕ್ರೂಗೆ ಊದುಬತ್ತಿ ಕಡ್ಡಿ

ಹೋದ ತಿಂಗಳು ಮನೆ ಬದಲಿಸಿದೆವು. ಐದು ವರ್ಷದಲ್ಲಿ ಇದು ಮೂರನೇ ಬಾಡಿಗೆ ಮನೆ. ಪ್ರತಿ ಸಲವೂ ನಮ್ಮ ಎರಡು ಬಾಗಿಲಿನ ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬನ್ನು ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಿದ್ದೇವೆ. ಈ ಸಲ ಜೋಡಿಸಿ ಮೂರು ದಿನಕ್ಕೇ ಎಡಗಡೆ ಬಾಗಿಲು ಜೋತುಬಿತ್ತು. ನೋಡಿದರೆ ಮೇಲಿನ ಹಿಂಜಿನ, ಅಂದರೆ ಬಾಗಿಲು ತಿರುಗುವ ಕೀಲಿನ, ಎರಡೂ ಸ್ಕ್ರೂಗಳು ಕೈಯಲ್ಲೇ ಕಿತ್ತು ಬಂದವು. ಸ್ಕ್ರೂವಿನ ಸುರುಳಿ ಗೆರೆಗಳ ತುಂಬ ಕಂದು ಪುಡಿ. ತೂತಿಗೆ ಕಡ್ಡಿ ಹಾಕಿ ಕೆದಕಿದರೆ ತೌಡಿನ ಹಾಗೆ ಉದುರುತ್ತಿತ್ತು.

ಇಂಥ ಹೊತ್ತಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ಸ್ವಲ್ಪ ದಪ್ಪ ಸ್ಕ್ರೂ ಹಾಕಿ." ಹಿಂದಿನ ಮನೆಯಲ್ಲಿ ಕೆಳಗಿನ ಹಿಂಜಿಗೆ ನಾನೂ ಹಾಗೇ ಮಾಡಿದ್ದೆ. ಎರಡು ವಾರ ನಿಂತಿತು. ಆಮೇಲೆ ಅದೂ ಕಿತ್ತುಕೊಂಡು ಬಂತು, ತೂತು ಇನ್ನಷ್ಟು ದೊಡ್ಡದಾಯಿತು. ಉದ್ದ ಸ್ಕ್ರೂ ಕೂಡ ಬೇಡ. ನಮ್ಮ ಹಲಗೆ 18 ಮಿ.ಮೀ. ದಪ್ಪ, ಹಿಂಜಿನ ಸ್ಕ್ರೂ 16 ಮಿ.ಮೀ. ಉದ್ದ. 25 ಮಿ.ಮೀ.ದು ಹಾಕಿದರೆ ಅದರ ಚೂಪು ತುದಿ ಲ್ಯಾಮಿನೇಟ್ ಒಡೆದುಕೊಂಡು ಆಚೆ ಕಡೆ ಬರುತ್ತದೆ.

ಪಾರ್ಟಿಕಲ್ ಬೋರ್ಡ್ ಅಂದರೆ ಚಿಕ್ಕಿ ಇದ್ದ ಹಾಗೆ. ಮರದ ಚೂರು, ಕೆಲವು ಕಡೆ ಕಬ್ಬಿನ ಸಿಪ್ಪೆ, ಇವಕ್ಕೆ ಅಂಟು ಕಲಸಿ, ಬಿಸಿಯಲ್ಲಿ ಒತ್ತಿ ಹಲಗೆ ಮಾಡುತ್ತಾರೆ. ಮೇಲೆ ಕೆಳಗೆ ಸಣ್ಣ ಪುಡಿ ಬಿಗಿಯಾಗಿ ಕೂತಿರುತ್ತದೆ, ನಡುವೆ ದೊಡ್ಡ ಚೂರುಗಳು, ಅಲ್ಲಿ ಅಷ್ಟು ಬಿಗಿ ಇಲ್ಲ. ಸ್ಕ್ರೂ ಕಚ್ಚಿಕೊಳ್ಳಬೇಕಾದ್ದು ಬಹುಪಾಲು ಆ ನಡುವಿನ ಭಾಗವನ್ನೇ. ತೇಗ, ಹಲಸಿನಂಥ ಮರದಲ್ಲಾದರೆ ಉದ್ದನೆಯ ನಾರು ಇರುತ್ತದೆ, ಅದು ಸ್ಕ್ರೂವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಅಂಥ ಉದ್ದನೆಯ ನಾರಿಲ್ಲ. ಒಮ್ಮೆ ಪುಡಿಯಾದದ್ದು ಮತ್ತೆ ಕೂಡುವುದಿಲ್ಲ. ಅದಕ್ಕೇ ನೋಡಿ, ಸ್ಕ್ರೂ ಬದಲಿಸಿ ಏನೂ ಪ್ರಯೋಜನವಿಲ್ಲ, ತೂತಿಗೆ ಮರ ತುಂಬಬೇಕು.

ನಾನು ತುಂಬಿದ್ದು ಊದುಬತ್ತಿ ಕಡ್ಡಿ. ಬತ್ತಿ ಉರಿದ ಮೇಲೆ ಉಳಿಯುವ ಬರೀ ಬಿದಿರಿನ ತುಂಡು ಇರುತ್ತಲ್ಲ, ಅದು. ದೇವರ ಮನೆಯಲ್ಲಿ ದಿನಾ ಸಿಗುತ್ತದೆ, ಟೂತ್‌ಪಿಕ್ ಕೊಳ್ಳುವುದೂ ಬೇಡ. ಸುಟ್ಟ ತುದಿಯನ್ನೂ ಮಸಾಲೆ ಮೆತ್ತಿದ ಭಾಗವನ್ನೂ ಮುರಿದು ಹಾಕಿ. ಮೊದಲು ತೂತಿನ ಪುಡಿಯನ್ನೆಲ್ಲ ಊದಿ, ಕೆದಕಿ ತೆಗೆಯಬೇಕು. ಇದನ್ನು ಮಾತ್ರ ಸುಮ್ನೆ ಬಿಡಬೇಡಿ, ಪುಡಿ ಉಳಿದರೆ ಅಂಟು ಪುಡಿಗೆ ಹಿಡಿಯುತ್ತದೆ, ಹಲಗೆಗಲ್ಲ. ಆಮೇಲೆ ಫೆವಿಕಾಲನ್ನು ಕಡ್ಡಿಯಲ್ಲಿ ಒಳಗೆಲ್ಲ ಸವರಿ, ಕಡ್ಡಿಗಳನ್ನೂ ಅದರಲ್ಲಿ ಅದ್ದಿ ಒಂದೊಂದಾಗಿ ತುರುಕುತ್ತಾ ಹೋಗಿ. ನನ್ನ ತೂತಿಗೆ ನಾಲ್ಕು ಹಿಡಿದವು, ಐದನೆಯದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇಳಿಸಿದೆ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದಿಡೀ ದಿನ ಮುಟ್ಟಬೇಡಿ. ಮಾರನೇ ದಿನ ಉಳಿದ ತುದಿಗಳನ್ನು ಚಾಕುವಿನಿಂದ ಸಮ ಮಾಡಿ, ನಡುವೆ 2.5 ಮಿ.ಮೀ. ಡ್ರಿಲ್ ಬಿಟ್‌ನಲ್ಲಿ ಸಣ್ಣ ತೂತು ಹಾಕಿ, ಹಳೇ ಸ್ಕ್ರೂವನ್ನೇ ಕೈಯಲ್ಲಿ ತಿರುಗಿಸಿ. ಕೊನೆಯ ಒಂದೆರಡು ಸುತ್ತಿನಲ್ಲಿ ಸ್ಕ್ರೂಡ್ರೈವರ್ ಗಟ್ಟಿಯಾಗುವುದು ಕೈಗೇ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಕೆಳಗಿನ ಹಿಂಜಿಗೆ ಇಷ್ಟು ಸಾಲಲಿಲ್ಲ, ದಪ್ಪ ಸ್ಕ್ರೂ ಹಾಕಿ ಕೆಡಿಸಿದ್ದ ಜಾಗ ಅಲ್ವಾ ಅದು, ಸುತ್ತಲೂ ಕುಸಿದಿತ್ತು. ಹಾರ್ಡ್‌ವೇರ್ ಅಂಗಡಿಯಿಂದ 8 ಮಿ.ಮೀ. ಮರದ ಡೋವೆಲ್, ಅಂದರೆ ದುಂಡನೆಯ ಮರದ ಕಡ್ಡಿ, ತಂದೆ. ಡ್ರಿಲ್ ಬಿಟ್‌ಗೆ ತುದಿಯಿಂದ 13 ಮಿ.ಮೀ. ಬಿಟ್ಟು ಟೇಪ್ ಸುತ್ತಿಕೊಂಡು, ಟೇಪ್ ಹಲಗೆಗೆ ತಾಗುವವರೆಗೆ ಮಾತ್ರ ಕೊರೆದೆ. ಇಲ್ಲದಿದ್ದರೆ ಆಚೆ ಕಡೆ ತೂತಾಗುತ್ತದೆ. ತೂತಿನ ಗೋಡೆ ಇನ್ನೂ ಉದುರುತ್ತಿತ್ತು, ಅದಕ್ಕೆ ಎರಡು ಹನಿ ಫೆವಿಕ್ವಿಕ್ ಬಿಟ್ಟು ಗಟ್ಟಿಯಾಗಲು ಕಾದೆ. ಅದರ ಹೊಗೆ ಕಣ್ಣಿಗೆ ಉರಿ, ಕಿಟಕಿ ತೆಗೆದಿಟ್ಟುಕೊಳ್ಳಿ. ಆಮೇಲೆ ಫೆವಿಕಾಲ್, ಡೋವೆಲ್, ಮತ್ತೆ ಒಂದು ದಿನ. ಉಳಿದದ್ದನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕೊಯ್ದೆ.

ಹಲಗೆ ನೀರು ಕುಡಿದು ಉಬ್ಬಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಬಚ್ಚಲಿನ ಗೋಡೆಗೆ ತಾಗಿಸಿಟ್ಟ ಕಪಾಟುಗಳ ಕಥೆ ಇದೇ. ಹಿಂಜನ್ನೇ ಒಂದಿಷ್ಟು ಮೇಲೋ ಕೆಳಗೋ, ಒಣಗಿದ ಗಟ್ಟಿ ಜಾಗಕ್ಕೆ ಸರಿಸಬೇಕಾಗುತ್ತದೆ.

ಇನ್ನೊಂದು ಮಾತು, ಮನೆ ಬದಲಿಸುವವರಿಗೆ. ಸ್ಕ್ರೂ ವಾಪಸ್ ಹಾಕುವಾಗ ಮೊದಲು ಎಡಕ್ಕೆ, ಅಂದರೆ ಬಿಚ್ಚುವ ಕಡೆಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ಅದು ಟಕ್ ಅಂತ ಸಣ್ಣಗೆ ಕೆಳಗಿಳಿಯುತ್ತದೆ. ಅದು ಹಳೇ ದಾರಿ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹೊಸದಾಗಿ ಕೊರೆಯದೆ ಅದೇ ದಾರಿಯಲ್ಲಿ ಇಳಿಯುತ್ತದೆ. ಜೋಡಿಸಲು ಬಂದವರು ಮೆಷಿನ್ ಹಿಡಿದು ಜೋರಾಗಿ ತಿರುಗಿಸುತ್ತಾರೆ, ಕೊನೆಯಲ್ಲಿ ಒಂದು ಸುತ್ತು ಜಾಸ್ತಿಯಾದರೂ ತೂತು ಹೋಯಿತು. "ಹಿಂಜಿನ ಸ್ಕ್ರೂ ಮಾತ್ರ ಕೈಯಲ್ಲಿ ಹಾಕಣ್ಣ" ಅಂತ ಕೇಳಿಕೊಳ್ಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಎಡಗಡೆ ಬಾಗಿಲು ಈಗ ಸರಿಯಾಗಿ ಮುಚ್ಚುತ್ತಿದೆ. ನಿನ್ನೆ ರಾತ್ರಿ ಬಲಗಡೆಯ ನಾಲ್ಕು ತೂತಿಗೂ ಕಡ್ಡಿ ತುಂಬಿದ್ದೇನೆ. ಇವತ್ತು ರಾತ್ರಿವರೆಗೆ ಆ ಬಾಗಿಲು ಹಾಲ್‌ನ ಗೋಡೆಗೆ ಒರಗಿರುತ್ತದೆ.