ಕಾಣದ ಹುಲಿಗಳ ಲೆಕ್ಕ ಹಿಡಿದ ಎಂಜಿನಿಯರ್

ನಾಲ್ಕು ವರ್ಷಕ್ಕೊಂದ್ಸಲ ಹುಲಿ ಗಣತಿ ಪೇಪರಲ್ಲಿ ಬಂದ್ರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪಲ್ಲಿ ಕ್ರಿಕೆಟ್ ಸ್ಕೋರ್ ಥರ ಶುರುವಾಗುತ್ತೆ. 2022ರ ಲೆಕ್ಕದಲ್ಲಿ ಮಧ್ಯಪ್ರದೇಶ 785, ನಮ್ದು 563, ಛೇ ಹಿಂದೆ ನಾವೇ ಫಸ್ಟ್ ಇದ್ವಲ್ಲ ಅಂತ. ಬೆನ್ನು ತೋರಿಸಿ ಪೊದೆ ಸೇರ್ಕೊಳೋ ಪ್ರಾಣೀನ ಎಣಿಸೋದಾದ್ರೂ ಹೆಂಗೆ ಅಂತ ಒಬ್ರೂ ಕೇಳಲ್ಲ. ಆ ಪ್ರಶ್ನೆ ಹಿಡ್ಕೊಂಡೇ ಬದುಕು ಕಳೆದವರು ಉಲ್ಲಾಸ ಕಾರಂತ.

ಶಿವರಾಮ ಕಾರಂತರ ಮಗ ಅಂತ ಎಲ್ರೂ ಹೇಳ್ತಾರೆ, ಸರಿ, ಆದ್ರೆ ನಂಗೆ ಇಷ್ಟ ಆಗೋದು ಅವರು ಬಂದ ಸುತ್ತುದಾರಿ. ಹುಟ್ಟಿದ್ದು 1948ರಲ್ಲಿ, ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕೆಲ್ಸ ಮಾಡಿ, ಅದನ್ನ ಬಿಟ್ಟು ನಾಗರಹೊಳೆ ಹತ್ರ ಬೇಸಾಯಕ್ಕೆ ಇಳಿದು, ಆಮೇಲೆ ಫ್ಲೋರಿಡಾ ಯೂನಿವರ್ಸಿಟಿಗೆ ಹೋಗಿ ವನ್ಯಜೀವಿ ವಿಷಯದಲ್ಲಿ ಮಾಸ್ಟರ್ಸ್ ಮುಗಿಸೋ ಹೊತ್ತಿಗೆ 1988, ಅಂದ್ರೆ ವಯಸ್ಸು ನಲವತ್ತು. ಪಿಎಚ್‌ಡಿ ಅದಕ್ಕೂ ಆಮೇಲೆ, ಮಂಗಳೂರು ಯೂನಿವರ್ಸಿಟಿಯಿಂದ. ಮೂವತ್ತೈದಕ್ಕೇ ಎಲ್ಲಾ ಮುಗೀತು ಅಂತ ಗೋಳಾಡೋ ನನ್ನ ಐಟಿ ಫ್ರೆಂಡ್ಸ್‌ಗೆ ಇದನ್ನ ಆಗಾಗ ಹೇಳ್ತಿರ್ತೀನಿ, ಯಾರೂ ಕಿವಿಗೆ ಹಾಕ್ಕೊಳಲ್ಲ.

ಆಗೆಲ್ಲ ಹುಲಿ ಎಣಿಸ್ತಿದ್ದಿದ್ದು ಹೆಜ್ಜೆ ಗುರುತು ನೋಡಿ. ಮಣ್ಣಲ್ಲಿ ಮೂಡಿರೋ ಪಂಜದ ಮೇಲೆ ಗಾಜು ಇಟ್ಟು ಟ್ರೇಸ್ ಮಾಡ್ಕೊಂಡು, ಇದು ಆ ಹುಲಿ ಇದು ಈ ಹುಲಿ ಅಂತ ವಿಂಗಡಿಸಿ, ಕೊನೆಗೆ ಒಟ್ಟು ಇಷ್ಟು ಅಂತ ಘೋಷಣೆ. ಒಂದೇ ಹುಲಿಯ ಹೆಜ್ಜೆ ಒದ್ದೆ ಮಣ್ಣಲ್ಲಿ ಒಂದು ಥರ, ಧೂಳಲ್ಲಿ ಇನ್ನೊಂದು ಥರ ಇರುತ್ತೆ, ಕಲ್ಲು ನೆಲದಲ್ಲಂತೂ ಮೂಡೋದೇ ಇಲ್ಲ. ಎಲ್ಲಾ ಹುಲೀನೂ ಬಿಡದೆ ಎಣಿಸಿದೀವಿ ಅನ್ನೋ ನಂಬಿಕೆಯೇ ತಪ್ಪು ಅಂತ ಕಾರಂತ್ ವರ್ಷಗಟ್ಟಲೆ ಹೇಳ್ತಾನೇ ಬಂದ್ರು. ಹೆಜ್ಜೆ ಲೆಕ್ಕದಲ್ಲಿ ಹುಲಿ ಇವೆ ಅಂತಿದ್ದ ರಾಜಸ್ಥಾನದ ಸರಿಸ್ಕಾ ಕಾಡಲ್ಲಿ 2005ರ ಹೊತ್ತಿಗೆ ಒಂದು ಹುಲೀನೂ ಉಳಿದಿಲ್ಲ ಅಂತ ಗೊತ್ತಾದ್ಮೇಲೇ ಹಳೇ ಪದ್ಧತಿ ಮೂಲೆ ಸೇರಿದ್ದು.

ಅವರ ದಾರಿ ಬೇರೆ ಇತ್ತು. ಹುಲಿ ಓಡಾಡೋ ದಾರೀಲಿ ಎದುರುಬದುರು ಎರಡು ಕ್ಯಾಮೆರಾ, ಯಾಕಂದ್ರೆ ಎಡಗಡೆ ಪಟ್ಟೆಗೂ ಬಲಗಡೆ ಪಟ್ಟೆಗೂ ಹೋಲಿಕೆ ಇರಲ್ಲ, ಎರಡೂ ಬೇಕು. ಈಗಿನ ಮೆಮೊರಿ ಕಾರ್ಡ್ ಅಲ್ಲ, ಫಿಲಂ ರೋಲಿನ ಕಾಲ ಅದು. ಫೋಟೋದಲ್ಲಿ ಪಟ್ಟೆ ನೋಡಿ ಒಂದೊಂದು ಹುಲೀನೂ ಗುರುತು ಹಿಡಿದು ಮೊದ್ಲು ಸಿಕ್ಕಿದ್ದು ಎಷ್ಟು, ಅದೇ ಮತ್ತೆ ಸಿಕ್ಕಿದ್ದು ಎಷ್ಟು ಅಂತ ನೋಡೋದು. ಹಳಬರೇ ಪದೇಪದೇ ಸಿಗ್ತಿದ್ರೆ ಹೆಚ್ಚುಕಮ್ಮಿ ಎಲ್ರೂ ಸಿಕ್ಕಿದಾರೆ ಅಂತ, ಹೊಸಬರೇ ಬರ್ತಿದ್ರೆ ಇನ್ನೂ ಸುಮಾರು ಇದಾವೆ ಅಂತ. ಅಂದ್ರೆ ಕ್ಯಾಮೆರಾಗೆ ಸಿಗದೇ ಇರೋ ಹುಲಿಗಳಿಗೂ ಲೆಕ್ಕದಲ್ಲಿ ಜಾಗ ಇದೆ. ಅಮೆರಿಕದ ಜೇಮ್ಸ್ ನಿಕೋಲ್ಸ್ ಅನ್ನೋ ವಿಜ್ಞಾನಿ ಜೊತೆ ಸೇರಿ ಈ ಗಣಿತವನ್ನ ಗಟ್ಟಿ ಮಾಡಿದ್ರು, ನಾಗರಹೊಳೆಯ ಮೊದಲ ಪೇಪರ್ ಬಂದಿದ್ದು 1995ರಲ್ಲಿ. ಪಟ್ಟೆ ಚುಕ್ಕೆ ಇರೋ ಎಷ್ಟೋ ಪ್ರಾಣಿಗಳಿಗೆ ಬೇರೆ ದೇಶಗಳಲ್ಲೂ ಇದೇ ವಿಧಾನ ಬಳಸ್ತಾರೆ ಈಗ.

ಇನ್ನೊಂದು ಕೆಲಸಕ್ಕೆ ಅಷ್ಟು ಪ್ರಚಾರ ಸಿಗ್ಲಿಲ್ಲ ಅನ್ಸುತ್ತೆ, ಹುಲಿಗೆ ಆಹಾರ ಆಗೋ ಪ್ರಾಣಿಗಳ ಅಧ್ಯಯನ. ಮಲದಲ್ಲಿ ಸಿಕ್ಕ ಕೂದಲು ನೋಡಿ ಯಾರು ಏನು ತಿಂದ್ರು ಅಂತ ಪತ್ತೆ ಮಾಡಿದ್ರು: ಹುಲಿಗೆ 176 ಕೆಜಿ ದಾಟಿದ ದೊಡ್ಡ ಬೇಟೆ ಮೇಲೆ ಒಲವು, ಚಿರತೆ ಸೀಳುನಾಯಿಗಳದ್ದು ಅದಕ್ಕಿಂತ ಕಮ್ಮಿ ತೂಕದ್ದು, ಹಿಂಗಾಗಿ ಮೂರೂ ಒಂದೇ ಕಾಡಲ್ಲಿ ಬದುಕ್ತವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು, ಅಷ್ಟನ್ನ ಕಳ್ಕೊಂಡೂ ಬೇಟೆ ಪ್ರಾಣಿಗಳು ಕಮ್ಮಿ ಆಗ್ಬಾರ್ದು ಅಂದ್ರೆ ಅಲ್ಲಿ 500 ಇರ್ಬೇಕು. ಕಾಟಿ ಕಡವೆ ಜಿಂಕೆ ಇಲ್ದಿರೋ ಕಾಡಿಗೆ ಗನ್ ಹಿಡಿದ ಗಾರ್ಡ್‌ಗಳನ್ನ ತುಂಬಿದ್ರೂ ಹುಲಿ ನಿಲ್ಲಲ್ಲ.

ಈ ಬೇಟೆ ಪ್ರಾಣಿಗಳನ್ನ ಎಣಿಸೋಕೆ ಲೈನ್ ಟ್ರಾನ್ಸೆಕ್ಟ್ ನಡೀಬೇಕು, ನಾನೂ ವಾಲಂಟಿಯರ್ ಆಗಿ ಹೋಗಿದ್ದೆ. ಬೆಳಗಾಗ್ತಿದ್ದಂಗೆ ಇಬ್ಬಿಬ್ರು ನೇರ ಗೆರೆ ಮೇಲೆ ಮಾತಾಡ್ದೆ ನಡೆಯೋದು, ಪ್ರಾಣಿ ಕಂಡ್ರೆ ಎಷ್ಟು, ಎಷ್ಟು ದೂರ, ಯಾವ ಕೋನದಲ್ಲಿ ಅಂತ ಬರ್ಕೊಳೋದು. ದೂರ ಹೋದಷ್ಟೂ ಕಾಣೋದು ಕಮ್ಮಿ ಆಗುತ್ತಲ್ಲ, ಆ ಕಮ್ಮಿ ಆಗೋ ರೀತಿಯಿಂದಲೇ ಕಾಣದೇ ಉಳಿದದ್ದನ್ನ ಅಂದಾಜು ಮಾಡ್ತಾರೆ. ಲಂಟಾನ ಪೊದೆ ಮಧ್ಯೆ ಕಾಲಿಗೆ ಉಣ್ಣೆ ಹುಳ ಹತ್ತಿಸ್ಕೊಂಡು ವಾಪಸ್ ಬಂದು ಸೊನ್ನೆ ಬರೆದ್ರೆ ಅದೂ ಡೇಟಾನೇ ಕಣ್ರೀ ಅಂದ್ರು ಅಲ್ಲಿದ್ದ ಹುಡುಗ್ರು.

2006ರಲ್ಲಿ ನಾಗರಹೊಳೆಯ ಒಂಬತ್ತು ವರ್ಷದ ಲೆಕ್ಕ ಬಂತು. ಫೋಟೋದಲ್ಲಿ ಸಿಕ್ಕಿದ್ದು 74 ಬೇರೆ ಬೇರೆ ಹುಲಿ, ವರ್ಷದಿಂದ ವರ್ಷಕ್ಕೆ ನೂರಕ್ಕೆ 23ರಷ್ಟು ಸತ್ತೋ ಜಾಗ ಬಿಟ್ಟೋ ಕಾಣೆ, ಆದ್ರೂ ಒಟ್ಟು ಸಂಖ್ಯೆ ಕುಸೀಲಿಲ್ಲ, ಮರಿಗಳು ಆ ಜಾಗ ತುಂಬ್ತಿದ್ವು. ಅಂದ್ರೆ ಒಂದು ಹುಲಿ ಸತ್ತಾಗೆಲ್ಲ ಟೀವಿಯವರು ಮಾಡೋ ರಾದ್ಧಾಂತ ಬೇರೆ, ಹುಲಿ ಸಂತತಿಯ ಆರೋಗ್ಯ ಬೇರೆ.

ಅವರ ಎಲ್ಲಾ ಮಾತಿಗೂ ನಾನು ತಲೆದೂಗಲ್ಲ. ಹುಲಿಗೆ ಜನ ಇಲ್ಲದ ಕಾಡು ಬೇಕು, ಜನ ಒಪ್ಪಿಗೆಯಿಂದ ಹೊರಗೆ ಬರ್ಬೇಕು ಅನ್ನೋದು ಅವರ ವಾದ, ಹೊರಗೆ ಬಂದು ರಸ್ತೆ ಸ್ಕೂಲು ಸಿಕ್ಕಿ ಚೆನ್ನಾಗಿರೋ ಕುಟುಂಬಗಳೂ ಇವೆ, ಆದ್ರೆ ಆ ಕಾಡಲ್ಲಿ ದೇವ್ರು ದಿಂಡ್ರು ಎಲ್ಲಾ ಇರೋ ಜೇನುಕುರುಬರ ಒಪ್ಪಿಗೆಯನ್ನ ಯಾರು ಹೆಂಗೆ ಅಳೆದ್ರು ಅನ್ನೋದಕ್ಕೆ ನಂಗಿನ್ನೂ ಸಮಾಧಾನದ ಉತ್ತರ ಸಿಕ್ಕಿಲ್ಲ.