ನ್ಯೂ ವೇಗಸ್ ಮರುಭೂಮಿಯಲ್ಲಿ ಯಾರನ್ನು ಜೊತೆಗೆ ಕಟ್ಟಿಕೊಂಡು ಹೋಗಬೇಕು

2010ರಲ್ಲಿ ಬಂದ ‘ಫಾಲ್‌ಔಟ್: ನ್ಯೂ ವೇಗಸ್’ ವಿಡಿಯೋ ಗೇಮ್ ಆಡುವವರ ನಡುವೆ ಇವತ್ತಿಗೂ ಬಗೆಹರಿಯದ ಜಗಳ ಒಂದಿದೆ: ಬೆಸ್ಟ್ ಕಂಪ್ಯಾನಿಯನ್, ಅಂದರೆ ಆಟದಲ್ಲಿ ನಿಮ್ಮ ಜೊತೆ ಬಂದು ಕಾದಾಡುವ ಜೊತೆಗಾರ, ಯಾರು? ಬಹಳ ಜನ ಥಟ್ಟನೆ ಹೇಳುವ ಹೆಸರು ಬೂನ್. ಅವನ ಗುರಿ ಅಷ್ಟು ನಿಖರ, ತಪ್ಪೇನಿಲ್ಲ. ಆದರೆ ಯಾರ ಏಟು ಜೋರು ಎಂದು ನೋಡಿ ಆರಿಸಿಕೊಂಡರೆ ಅರ್ಧ ದಾರಿಯಲ್ಲಿ ಕೈಸುಡುತ್ತದೆ. ನೋಡಬೇಕಾದದ್ದು ಎರಡು: ನಿಮ್ಮ ಕ್ಯಾರೆಕ್ಟರ್‌ಗೆ ಏನಿಲ್ಲ, ಮತ್ತು ನೀವು ಯಾವ ಬಣದ ಕಡೆ ವಾಲುತ್ತಿದ್ದೀರಿ. ಇವೆರಡು ಸ್ಪಷ್ಟವಾದರೆ ಹೆಸರು ತಾನಾಗಿಯೇ ಹೊರಬರುತ್ತದೆ.

ಮೊದಲು ಲೆಕ್ಕ. ಆಟ ನಡೆಯುವ ಮೊಹಾವೆ ಮರುಭೂಮಿಯಲ್ಲಿ ಒಟ್ಟು ಎಂಟು ಕಂಪ್ಯಾನಿಯನ್‌ಗಳಿದ್ದಾರೆ. ಬೂನ್, ಕ್ಯಾಸ್, ವೆರೋನಿಕಾ, ಆರ್ಕೇಡ್, ರಾವುಲ್, ಲಿಲಿ ಈ ಆರು ಜನ ಒಂದು ಗುಂಪು. ಹಾರುವ ರೋಬೋ ಎಡ್ಡಿ ಮತ್ತು ಸೈಬರ್ ನಾಯಿ ರೆಕ್ಸ್ ಇನ್ನೊಂದು ಗುಂಪು. ಒಂದು ಸಲಕ್ಕೆ ಮೊದಲ ಗುಂಪಿನಿಂದ ಒಬ್ಬರು, ಎರಡನೆಯದರಿಂದ ಒಂದು, ಅಷ್ಟೇ. ಅಂದರೆ ನಿಮ್ಮ ಮುಂದಿರುವುದು 12 ಜೋಡಿಗಳು. ಪ್ರತಿಯೊಬ್ಬರೂ ತಮ್ಮ ಜೊತೆ ಒಂದು ಪರ್ಕ್, ಅಂದರೆ ವಿಶೇಷ ಅನುಕೂಲ, ತರುತ್ತಾರೆ. ಅವರು ಜೊತೆಯಲ್ಲಿರುವಷ್ಟು ಹೊತ್ತು ಮಾತ್ರ ಆ ಪರ್ಕ್ ನಿಮ್ಮದು, ವಾಪಸ್ ಕಳಿಸಿದ ಕ್ಷಣ ಹೋಯಿತು. ಹಾಗಾಗಿ ನಿಜವಾಗಿ ನೀವು ಆರಿಸುತ್ತಿರುವುದು ಬಂದೂಕು ಹಿಡಿದ ಮನುಷ್ಯನನ್ನಲ್ಲ, ಆ ಪರ್ಕನ್ನು.

ಕ್ಯಾರೆಕ್ಟರ್ ಮಾಡುವಾಗ ಕರಿಸ್ಮಾವನ್ನು (ಜನರನ್ನು ಸೆಳೆಯುವ ಗುಣ) 1ಕ್ಕೆ ಇಳಿಸಿ ಆ ಪಾಯಿಂಟುಗಳನ್ನು ಬೇರೆ ಕಡೆ ಹಾಕುವುದು ಅನೇಕರ ಅಭ್ಯಾಸ. ಒಂಟಿಯಾಗಿ ಆಡುವವರಿಗೆ ಅದು ಸರಿ. ಜೊತೆಗಾರರನ್ನು ನಂಬಿ ಆಡುವವರಿಗೆ ದೊಡ್ಡ ನಷ್ಟ. ಕರಿಸ್ಮಾದ ಒಂದೊಂದು ಪಾಯಿಂಟೂ ಕಂಪ್ಯಾನಿಯನ್‌ಗಳ ಏಟು ಮತ್ತು ರಕ್ಷಣೆಯನ್ನು 5 ಶೇಕಡಾ ಏರಿಸುತ್ತದೆ. 10 ಇದ್ದರೆ 50 ಶೇಕಡಾ. ಅಷ್ಟು ಬೇಡ, ಆದರೂ 5 ಅಥವಾ 6 ಇಟ್ಟುಕೊಂಡರೆ ಅವರು ಮಾತುಮಾತಿಗೆ ನೆಲಕಚ್ಚುವುದು ಕಡಿಮೆಯಾಗುತ್ತದೆ. 6 ಇದ್ದರೆ 6ನೇ ಲೆವೆಲ್‌ನಲ್ಲಿ ‘ಫೆರೋಷಿಯಸ್ ಲಾಯಲ್ಟಿ’ ಪರ್ಕ್ ಕೂಡ ಸಿಗುತ್ತದೆ: ನಿಮ್ಮ ಆರೋಗ್ಯ ಅರ್ಧಕ್ಕಿಂತ ಕೆಳಗಿಳಿದಾಗ ಜೊತೆಗಿರುವವರು ಗಟ್ಟಿಯಾಗುತ್ತಾರೆ.

ಈಗ ಬೂನ್. ನೊವ್ಯಾಕ್ ಊರಿನ ಡೈನೋಸಾರ್ ಬೊಂಬೆಯ ಬಾಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 9ರವರೆಗೆ ಕಾವಲು ಕಾಯುತ್ತಾನೆ. ಹಗಲಲ್ಲಿ ಹೋದರೆ ಅಲ್ಲಿ ನಿಂತಿರುವವನು ಬೇರೆಯವನು, ಹೊಸಬರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಅವನ ಹೆಂಡತಿಯನ್ನು ಮಾರಿದವರು ಯಾರೆಂದು ಪತ್ತೆಹಚ್ಚಿ, ಆ ವ್ಯಕ್ತಿಯನ್ನು ರಾತ್ರಿ ಹೊತ್ತು ಬೊಂಬೆಯ ಮುಂದೆ ಕರೆತಂದು, ಬೂನ್ ಕೊಟ್ಟ ಕೆಂಪು ಟೋಪಿಯನ್ನು ತಲೆಗೆ ಹಾಕಿಕೊಳ್ಳಬೇಕು. ಅದೇ ಸನ್ನೆ. ಸಾಕ್ಷಿ ಸಿಗುವುದು ಮೋಟೆಲ್ ಕೌಂಟರಿನ ಹಿಂದೆ, ನೆಲದಲ್ಲಿ ಹುದುಗಿಸಿಟ್ಟ ತಿಜೋರಿಯಲ್ಲಿ. ಸಾಕ್ಷಿಯಿಲ್ಲದೆ ಬರೀ ಊಹೆಯ ಮೇಲೆ ಯಾರನ್ನೋ ಕರೆತರಬೇಡಿ. ಸನ್ನೆ ಕೊಟ್ಟರೆ ಆತ ಹಿಂದೆಮುಂದೆ ನೋಡುವುದಿಲ್ಲ.

ಅವನ ಪರ್ಕ್ ‘ಸ್ಪಾಟರ್’. ನೀವು ಗುರಿ ಹಿಡಿದಾಗ ಶತ್ರುಗಳ ಮೈ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಮಬ್ಬುಗತ್ತಲಲ್ಲಿ, ಬಂಡೆಗಳ ನಡುವೆ, ರೈಫಲ್ ಹಿಡಿದು ಆಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಬೂನ್‌ನ ಕಣ್ಣಿಗೆ ಸೀಸರ್‌ನ ಸೇನೆಯಾದ ಲೀಜನ್‌ನವರು ಬಿದ್ದರೆ ಮಾತುಕತೆ ಮುಗಿದಂತೆ. ನೀವು ಲೀಜನ್ ಜೊತೆ ಚೆನ್ನಾಗಿದ್ದರೆ ಅವನು ಬರುವುದೇ ಇಲ್ಲ. ಇನ್ನೂ ಬಣ ನಿರ್ಧರಿಸದವರು ಎಡವುವುದು ಲೀಜನ್ ಹಿಡಿತದಲ್ಲಿರುವ ಕಾಟನ್‌ವುಡ್ ಕೋವ್‌ನಲ್ಲಿ. ಸೀಸರ್ ನಿಮ್ಮ ತಪ್ಪುಗಳನ್ನೆಲ್ಲ ಮನ್ನಿಸಿ ಕೋಟೆಗೆ ಆಹ್ವಾನ ಕಳಿಸುತ್ತಾನೆ, ನೀವು ದೋಣಿ ಹತ್ತಲು ಇಳಿಜಾರಿನಲ್ಲಿ ಇಳಿಯುತ್ತಿರುತ್ತೀರಿ, ಹಿಂದಿನಿಂದ ಬೂನ್‌ನ ಮೊದಲ ಗುಂಡು ಹಾರುತ್ತದೆ. ಸಿಕ್ಕ ಕ್ಷಮೆ ಅಲ್ಲಿಗೆ ಮಣ್ಣುಪಾಲು. ಆ ದಾರಿಗೆ ಹೋಗುವ ಮೊದಲು ಅವನನ್ನು ಲಕ್ಕಿ 38 ಕ್ಯಾಸಿನೋದಲ್ಲಿರುವ ನಿಮ್ಮ ಸೂಟ್‌ಗೆ ಕಳಿಸಿಬಿಡಿ.

ಎಡ್ಡಿಯನ್ನು ಬಿಟ್ಟು ಆಟ ಶುರುಮಾಡುವುದರಲ್ಲಿ ಅರ್ಥವಿಲ್ಲ. ಪ್ರಿಮ್ ಊರಿನ ನ್ಯಾಶ್ ಮನೆಯ ಮೇಜಿನ ಮೇಲೆ ಕೆಟ್ಟು ಬಿದ್ದಿರುತ್ತದೆ. ನಿಮ್ಮ ಸ್ಕಿಲ್‌ಗಳಲ್ಲಿ ರಿಪೇರ್ 65 ಅಥವಾ ಸೈನ್ಸ್ 55 ಇದ್ದರೆ ಕೈಯಲ್ಲೇ ಸರಿಮಾಡಬಹುದು. ಅಷ್ಟಿಲ್ಲದಿದ್ದರೆ ಸ್ಕ್ರ್ಯಾಪ್ ಮೆಟಲ್, ಸೆನ್ಸರ್ ಮಾಡ್ಯೂಲ್, ಸ್ಕ್ರ್ಯಾಪ್ ಎಲೆಕ್ಟ್ರಾನಿಕ್ಸ್ ಕಂಡಲ್ಲೆಲ್ಲ ಎತ್ತಿಟ್ಟುಕೊಳ್ಳಿ, ಮಾರಬೇಡಿ. ಸೆನ್ಸರ್ ಮಾಡ್ಯೂಲೇ ಕೊನೆಗೆ ಕಡಿಮೆ ಬೀಳುವುದು. ಎಡ್ಡಿಯ ಪರ್ಕ್‌ನಿಂದ ದೂರದ ಶತ್ರುಗಳೂ ಕಂಪಾಸ್ ಮೇಲೆ ಮೊದಲೇ ಕಾಣುತ್ತಾರೆ, ಅದೃಶ್ಯವಾಗಿ ಓಡಾಡುವ ನೈಟ್‌ಕಿನ್ ಎಂಬ ದೈತ್ಯರ ಮೇಲೂ ಗುರಿ ಹಿಡಿಯಬಹುದು. ಕರ್ಮ ಕೇಳುವುದಿಲ್ಲ, ಬಣ ಕೇಳುವುದಿಲ್ಲ, ಗುಂಡು ಕೇಳುವುದಿಲ್ಲ. ಮುಂದೆ ಅದರ ಕ್ವೆಸ್ಟ್‌ನಲ್ಲಿ (ಅದರದೇ ಕಥೆಯ ಕೆಲಸ) ಅದನ್ನು ಹಳೆಯ ತಂತ್ರಜ್ಞಾನ ಕಾಯುವ ಬ್ರದರ್‌ಹುಡ್ ಬಣದ ಕೈಗೆ ಕೊಡುತ್ತೀರೋ ಜನಸೇವೆಯ ಫಾಲೋವರ್ಸ್ ಬಣದ ಕೈಗೆ ಕೊಡುತ್ತೀರೋ ಎನ್ನುವುದರ ಮೇಲೆ ಅದರ ಕವಚವೋ ಆಯುಧವೋ ಸುಧಾರಿಸುತ್ತದೆ.

ಬೂನ್ ಮತ್ತು ಎಡ್ಡಿ ಜೋಡಿಯೇ ಎಲ್ಲರೂ ಹೊಗಳುವ ಜೋಡಿ. ಅದು ಕೈಕೊಡುವುದು ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ಸ್ಲೋನ್‌ನ ಉತ್ತರಕ್ಕಿರುವ ಕ್ವಾರಿ ಜಂಕ್ಷನ್ ನೆನಪಿಸಿಕೊಳ್ಳಿ. ಡೆತ್‌ಕ್ಲಾ ಎಂಬ ದೈತ್ಯ ಮೃಗಗಳ ಗೂಡು. ನೀವು ಅಂಚಿನಲ್ಲಿ ಕೂತು, ಒಂದೊಂದನ್ನೇ ಬೇರ್ಪಡಿಸಿ ಹೊಡೆಯೋಣ ಎಂದುಕೊಂಡಿರುತ್ತೀರಿ. ಆಗ ಎಡ್ಡಿ ಕಾಳಗ ಶುರುವಾದಾಗ ಬಾರಿಸುವ ಆ ಪುಟ್ಟ ರಾಗ ಕೇಳಿಸುತ್ತದೆ. ಅಂದರೆ ನಿಮಗೆ ಕಾಣದ ಯಾವುದೋ ಒಂದರ ಮೇಲೆ ನಿಮ್ಮವರು ಈಗಾಗಲೇ ಗುಂಡು ಹಾರಿಸಿಯಾಗಿದೆ, ಇನ್ನೇನು ನಾಲ್ಕೈದು ಒಟ್ಟಿಗೆ ಓಡಿಬರುತ್ತವೆ. ಇಬ್ಬರ ಕಣ್ಣೂ ನಿಮ್ಮ ಕಣ್ಣಿಗಿಂತ ದೂರ ಹೋಗುವುದೇ ಇಲ್ಲಿನ ತೊಂದರೆ. ಪರಿಹಾರ ಅವರಿಗೆ ಆಜ್ಞೆ ಕೊಡುವ ಕಂಪ್ಯಾನಿಯನ್ ವೀಲ್‌ನಲ್ಲಿದೆ: ಇಬ್ಬರನ್ನೂ ಪ್ಯಾಸಿವ್ (ತಾವಾಗಿ ಕಾಳಗಕ್ಕಿಳಿಯದಂತೆ) ಮಾಡಿ, ಹಿಂದೆ ಒಂದು ಬಂಡೆಯ ಮರೆಯಲ್ಲಿ ಕಾಯಲು ಹೇಳಿ, ಮೊದಲ ಗುಂಡು ನೀವೇ ಹೊಡೆಯಿರಿ. ಒಂಟಿ ಡೆತ್‌ಕ್ಲಾ ನಿಮ್ಮ ಕಡೆ ತಿರುಗಿದ ಮೇಲೆ ಅವರಿಗೆ ಅಗ್ರೆಸಿವ್ ಆಜ್ಞೆ ಕೊಡಿ. ವಿಷ ಚುಚ್ಚುವ ದೈತ್ಯ ಕೀಟಗಳಾದ ಕ್ಯಾಝಡೋರ್‌ಗಳಿಗೂ ಇದೇ ಮದ್ದು.

ರಾವುಲ್‌ನನ್ನು ಜನ ಬಹಳ ಕಡೆಗಣಿಸುತ್ತಾರೆ. ಬ್ಲ್ಯಾಕ್ ಮೌಂಟನ್ ಮೇಲೆ ತಬಿತಾಳ ಸೆರೆಯಲ್ಲಿರುವ ಮುದಿ ಘೂಲ್ (ವಿಕಿರಣದಿಂದ ವಿಕಾರಗೊಂಡ ಮನುಷ್ಯ) ಮೆಕ್ಯಾನಿಕ್. ಅವನು ಜೊತೆಯಲ್ಲಿದ್ದರೆ ನಿಮ್ಮ ಆಯುಧ, ಆರ್ಮರ್ ಎರಡೂ 50 ಶೇಕಡಾ ನಿಧಾನವಾಗಿ ಸವೆಯುತ್ತವೆ. ಇದು ಸಣ್ಣದೆನಿಸಬಹುದು. ಆದರೆ ಈ ಆಟದಲ್ಲಿ ಆಯುಧ ಸವೆದಂತೆ ಅದರ ಏಟೂ ಇಳಿಯುತ್ತದೆ, ರಿಪೇರಿಗೆ ಕ್ಯಾಪ್‌ಗಳು (ಆಟದ ಹಣ) ನೀರಿನಂತೆ ಹರಿಯುತ್ತವೆ. ಎನರ್ಜಿ ವೆಪನ್‌ಗಳಲ್ಲಿ ಓವರ್‌ಚಾರ್ಜ್, ಮ್ಯಾಕ್ಸ್ ಚಾರ್ಜ್ ಸೆಲ್‌ಗಳನ್ನು ಬಳಸುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು: ಏಟು ಜೋರು, ಸವೆತವೂ ಜೋರು. ಅಂಥವರಿಗೆ ರಾವುಲ್ ಬೂನ್‌ಗಿಂತ ಒಳ್ಳೆಯ ಜೊತೆ. ಅವನ ಕ್ವೆಸ್ಟ್ ಮುಗಿಸಲು ಅವನನ್ನು ಜೊತೆಗೆ ಕರೆದುಕೊಂಡೇ ಮೂವರು ಹಿರಿಯರ ಹತ್ತಿರ ಮಾತಾಡಬೇಕು: ನೊವ್ಯಾಕ್‌ನಲ್ಲಿ ರೇಂಜರ್ ಆಂಡಿ, ಕ್ಯಾಂಪ್ ಮೆಕ್ಯಾರನ್‌ನಲ್ಲಿ ಕಾರ್ಪೊರಲ್ ಸ್ಟರ್ಲಿಂಗ್, ನೆಲ್ಲಿಸ್‌ನಲ್ಲಿ ಲಾಯಲ್. ಕೊನೆಯಲ್ಲಿ ಅವನಿಗೆ ಮತ್ತೆ ಬಂದೂಕು ಹಿಡಿ ಎಂದರೆ ರಿವಾಲ್ವರುಗಳನ್ನು ಚುರುಕಾಗಿ ಹಾರಿಸುತ್ತಾನೆ. ಮೆಕ್ಯಾನಿಕ್ ಆಗಿಯೇ ಇರು ಎಂದರೆ ಸವೆತದ ಉಳಿತಾಯ 75 ಶೇಕಡಾಕ್ಕೆ ಏರುತ್ತದೆ. ಎರಡನೆಯದನ್ನೇ ಆರಿಸಿ. ಗುಂಡು ಹಾರಿಸುವವರು ಬೇರೆಯವರೂ ಸಿಗುತ್ತಾರೆ, ಈ ಕೆಲಸ ಮಾಡುವವನು ಇವನೊಬ್ಬನೇ.

ವೆರೋನಿಕಾ 188 ಟ್ರೇಡಿಂಗ್ ಪೋಸ್ಟ್‌ನಲ್ಲಿ ಸಿಗುತ್ತಾಳೆ. ಅವಳ ಜೊತೆ ಮಾತಾಡಿಯೇ ವರ್ಕ್‌ಬೆಂಚ್ ಕೆಲಸ ಮಾಡಿಕೊಳ್ಳಬಹುದು, ಹಾಗಾಗಿ ಕ್ರಾಫ್ಟಿಂಗ್ ಇಷ್ಟಪಡುವವರಿಗೆ ಅವಳು ನಡೆದಾಡುವ ವರ್ಕ್‌ಶಾಪ್. ಆದರೆ ರೀಲೋಡಿಂಗ್ ಬೆಂಚ್ ಮತ್ತು ಕ್ಯಾಂಪ್‌ಫೈರ್ ಕೆಲಸ ಆಗುವುದಿಲ್ಲ. ಮುಷ್ಟಿಯುದ್ಧದವಳು, ಪವರ್ ಆರ್ಮರ್ ತೊಡಿಸಿ ಬ್ಯಾಲಿಸ್ಟಿಕ್ ಫಿಸ್ಟ್ ಕೊಟ್ಟರೆ ಒಳಾಂಗಣದ ಕಾಳಗಗಳಲ್ಲಿ, ನೆಲದಡಿಯ ವಾಲ್ಟ್‌ಗಳ ಇಕ್ಕಟ್ಟಿನಲ್ಲಿ ಬೂನ್‌ನನ್ನೂ ಮೀರಿಸುತ್ತಾಳೆ. ಬಯಲಲ್ಲಿ ಮಾತ್ರ ಕ್ಯಾಝಡೋರ್ ಹಿಂಡಿನೊಳಗೆ ತಾನೇ ನುಗ್ಗಿ ವಿಷಕ್ಕೆ ಬಲಿಯಾಗುತ್ತಾಳೆ. ಮತ್ತೊಂದು ಮುಖ್ಯ ಮಾತು: ನೀವು ನ್ಯೂ ವೇಗಸ್‌ನ ಒಡೆಯ ಮಿಸ್ಟರ್ ಹೌಸ್ ಪರವಾಗಿದ್ದರೆ ಬ್ರದರ್‌ಹುಡ್ ಬಂಕರನ್ನು ನಾಶಮಾಡಲೇಬೇಕು, ಅವನು ಬೇರೆ ದಾರಿ ಕೊಡುವುದಿಲ್ಲ. ಸ್ವತಃ ಬ್ರದರ್‌ಹುಡ್‌ನವಳಾದ ವೆರೋನಿಕಾ ಅದನ್ನು ಕ್ಷಮಿಸುವುದಿಲ್ಲ. ಎನ್‌ಸಿಆರ್ (ನ್ಯೂ ಕ್ಯಾಲಿಫೋರ್ನಿಯಾ ರಿಪಬ್ಲಿಕ್ ಎಂಬ ಬಣ) ಪರವಾಗಿದ್ದರೆ ಅದು ಮತ್ತು ಬ್ರದರ್‌ಹುಡ್ ನಡುವೆ ಒಪ್ಪಂದ ಮಾಡಿಸುವ ದಾರಿ ಇದೆ, ಅವಳನ್ನು ಕೊನೆತನಕ ಉಳಿಸಿಕೊಳ್ಳಬೇಕೆಂದಿದ್ದರೆ ಆ ದಾರಿ ಹಿಡಿಯಿರಿ.

ಆರ್ಕೇಡ್ ಫ್ರೀಸೈಡ್‌ನ ಓಲ್ಡ್ ಮಾರ್ಮನ್ ಫೋರ್ಟ್‌ನಲ್ಲಿರುವ ಡಾಕ್ಟರ್. ಅವನಿದ್ದರೆ ತಿಂದದ್ದು, ಕುಡಿದದ್ದು, ಚುಚ್ಚಿಕೊಂಡದ್ದು ಎಲ್ಲವೂ 20 ಶೇಕಡಾ ಹೆಚ್ಚು ಆರೋಗ್ಯ ಕೊಡುತ್ತದೆ. ಹೆಚ್ಚು ಕಠಿಣವಾದ ಹಾರ್ಡ್‌ಕೋರ್ ಮೋಡ್‌ನಲ್ಲಿ ಸ್ಟಿಮ್‌ಪ್ಯಾಕ್ ಚುಚ್ಚುಮದ್ದು ಒಮ್ಮೆಲೇ ಅಲ್ಲದೆ ನಿಧಾನವಾಗಿ ಕೆಲಸ ಮಾಡುವುದರಿಂದ ಈ 20 ಶೇಕಡಾದ ಬೆಲೆ ಅಲ್ಲಿ ಗೊತ್ತಾಗುತ್ತದೆ. ಅವನ ಕ್ವೆಸ್ಟ್ ಮುಗಿಸಿದರೆ ನಿಮಗೆ ಪವರ್ ಆರ್ಮರ್ ತರಬೇತಿಯೂ ಸಿಗುತ್ತದೆ, ಬ್ರದರ್‌ಹುಡ್ ಬಾಗಿಲು ತಟ್ಟಬೇಕಾಗಿಲ್ಲ. ಲೀಜನ್ ಸಹವಾಸ ಇವನಿಗೂ ಆಗದು.

ಕ್ಯಾಸ್ ಮೊಹಾವೆ ಔಟ್‌ಪೋಸ್ಟ್‌ನ ಬಾರ್‌ನಲ್ಲಿ ಕೂತಿರುತ್ತಾಳೆ. ಅವಳಿದ್ದರೆ ವಿಸ್ಕಿ ಕುಡಿದಾಗ ನಿಮ್ಮ ಡ್ಯಾಮೇಜ್ ಥ್ರೆಶೋಲ್ಡ್ (ಏಟು ತಡೆಯುವ ಶಕ್ತಿ) ಏರುತ್ತದೆ, ಕುಡಿತದಿಂದ ಬುದ್ಧಿ ಇಳಿಯುವುದಿಲ್ಲ. ಕೆಟ್ಟ ಕರ್ಮ ಮಾಡಿಕೊಂಡರೆ ಮೊದಲು ಎಚ್ಚರಿಸುತ್ತಾಳೆ, ಆಮೇಲೆ ಬಿಟ್ಟು ಹೋಗುತ್ತಾಳೆ. ಸಿಲ್ವರ್ ರಶ್ ಅಂಗಡಿಯ ವ್ಯಾನ್ ಗ್ರಾಫ್‌ಗಳು ಅವಳನ್ನು ಕರೆದುಕೊಂಡು ಬಾ ಎಂದರೆ ಕರೆದೊಯ್ಯಬೇಡಿ, ಅಲ್ಲಿಗೆ ಅವಳ ಕಥೆ ಮುಗಿಯುತ್ತದೆ.

ಜೇಕಬ್ಸ್‌ಟೌನ್‌ನ ಅಜ್ಜಿ ಲಿಲಿ, ಮರೆಯಲ್ಲಿ ಹೊಂಚುಹಾಕಿ ಆಡುವವರಿಗೆ. ನಿಮ್ಮನ್ನು ಅದೃಶ್ಯಗೊಳಿಸುವ ಸ್ಟೆಲ್ತ್ ಬಾಯ್ ಸಾಧನ ಬಹಳ ಹೊತ್ತು ನಿಲ್ಲುತ್ತದೆ, ಹೊಂಚಿನ ಕ್ರಿಟಿಕಲ್ ಏಟಿಗೆ 10 ಶೇಕಡಾ ಸೇರುತ್ತದೆ. ಆದರೆ ಅಜ್ಜಿ ಸ್ವತಃ ಆಳೆತ್ತರದ ಕತ್ತಿ ಬೀಸಿಕೊಂಡು ನುಗ್ಗುವವಳು, ನಿಮ್ಮ ಹೊಂಚು ಕೆಡುವುದು ಅವಳಿಂದಲೇ. ಪರ್ಕ್ ಬೇಕು, ಗದ್ದಲ ಬೇಡ ಎನ್ನುವವರು ಅವಳನ್ನೂ ಪ್ಯಾಸಿವ್‌ನಲ್ಲಿಡಿ. ಅವಳಿಗೆ ಬೇರೆ ಆರ್ಮರ್ ತೊಡಿಸಲಾಗುವುದಿಲ್ಲ ಎನ್ನುವುದೂ ಗೊತ್ತಿರಲಿ. ರೆಕ್ಸ್ ಹತ್ತಿರದ ಮದ್ದುಗುಂಡು, ಪೆಟ್ಟಿಗೆಗಳನ್ನು ತೋರಿಸಿಕೊಡುತ್ತಾನೆ. ಖಾಲಿ ಜೇಬಿನ ಆರಂಭದ ದಿನಗಳಿಗೆ ಒಳ್ಳೆಯವನು, ಆಮೇಲೆ ಎಡ್ಡಿಯೇ ವಾಸಿ.

ಆಯುಧದ ವಿಚಾರದಲ್ಲಿ ಬಹಳ ಜನ ತಪ್ಪುವುದು ಇಲ್ಲಿ. ಕಂಪ್ಯಾನಿಯನ್ ಬರುವಾಗ ತಂದ ಸ್ವಂತ ಆಯುಧಕ್ಕೆ ಗುಂಡು ಖರ್ಚಾಗುವುದಿಲ್ಲ. ನೀವು ಕೊಟ್ಟ ಆಯುಧಕ್ಕೆ ಗುಂಡನ್ನೂ ನೀವೇ ಕೊಡಬೇಕು. ಬೂನ್ ಕೈಗೆ ಆ್ಯಂಟಿ-ಮಟೀರಿಯಲ್ ರೈಫಲ್ ಕೊಟ್ಟರೆ ನೋಡಲು ಚೆಂದ, ಆದರೆ ಅವನಿಗೆ ಡೆತ್‌ಕ್ಲಾ ಒಂದೇ, ಗೆಕ್ಕೋ ಒಂದೇ. ದುಬಾರಿ ಪಾಯಿಂಟ್ 50 ಗುಂಡು ಹಲ್ಲಿಯ ಮೇಲೆ ಹೋಗುತ್ತದೆ. ಕಷ್ಟದ ಜಾಗಕ್ಕೆ ಹೋಗುವಾಗ 20, 30 ಗುಂಡು ಲೆಕ್ಕಹಾಕಿ ಕೊಡಿ, ಉಳಿದ ಹೊತ್ತು ಅವನದೇ ಸ್ಕೋಪ್ ರೈಫಲ್ ಸಾಕು. ಗ್ರೆನೇಡ್, ಮಿಸೈಲ್ ಲಾಂಚರ್ ಯಾರ ಕೈಗೂ ಕೊಡಬೇಡಿ. ಸಾಮಾನು ಹೊರಲೆಂದು ಕೊಟ್ಟದ್ದನ್ನೂ ಅವರು ಕಾಳಗದ ನಡುವೆ ತೆಗೆದು ಬಳಸುತ್ತಾರೆ, ಕೋಣೆಯೊಳಗೆ ಸಿಡಿದರೆ ಮೊದಲು ಬೀಳುವುದು ನೀವು. ನಿಮ್ಮದೇ ಗುಂಡು ಅವರಿಗೆ ತಾಗುತ್ತಿದ್ದರೆ 8ನೇ ಲೆವೆಲ್‌ನ ‘ಸ್ಪ್ರೇ ಆ್ಯಂಡ್ ಪ್ರೇ’ ಪರ್ಕ್ ತೆಗೆದುಕೊಳ್ಳಿ, ಆ ಏಟು 75 ಶೇಕಡಾ ಇಳಿಯುತ್ತದೆ.

ಸಾಮಾನ್ಯ ಮೋಡ್‌ನಲ್ಲಿ ಬಿದ್ದ ಕಂಪ್ಯಾನಿಯನ್ ಕಾಳಗ ಮುಗಿದ ಮೇಲೆ ಎದ್ದುಬರುತ್ತಾರೆ. ಹಾರ್ಡ್‌ಕೋರ್‌ನಲ್ಲಿ ಬಿದ್ದರೆ ಸತ್ತಂತೆಯೇ, ಮತ್ತೆ ಬರುವುದಿಲ್ಲ. ಆ ಮೋಡ್‌ನಲ್ಲಿ ಮೈಮೇಲೆ ಬಿದ್ದು ಹೊಡೆಯುವ ವೆರೋನಿಕಾ, ಲಿಲಿ, ರೆಕ್ಸ್ ಮೂವರೂ ಅಪಾಯದಲ್ಲಿರುತ್ತಾರೆ. ಬೂನ್, ಆರ್ಕೇಡ್, ರಾವುಲ್ ಇವರಲ್ಲಿ ಒಬ್ಬರನ್ನು ಎಡ್ಡಿ ಜೊತೆ ಇಟ್ಟುಕೊಂಡು, ವೀಲ್‌ನಲ್ಲಿ ದೂರ ನಿಲ್ಲುವ ಆಜ್ಞೆ ಕೊಟ್ಟು, ಅವರ ಆರೋಗ್ಯ ಅರ್ಧಕ್ಕೆ ಬಂದಾಗಲೇ ಸ್ಟಿಮ್‌ಪ್ಯಾಕ್ ಬಳಸಿ. ಕೊನೆಯ ಗಳಿಗೆಗೆ ಕಾದರೆ ನಿಧಾನವಾಗಿ ಏರುವ ಆರೋಗ್ಯ ಅವರನ್ನು ಉಳಿಸುವುದಿಲ್ಲ.

ಡೆಡ್ ಮನಿ, ಆನೆಸ್ಟ್ ಹಾರ್ಟ್ಸ್, ಓಲ್ಡ್ ವರ್ಲ್ಡ್ ಬ್ಲೂಸ್ ಡಿಎಲ್‌ಸಿಗಳಿಗೆ (ಆಟಕ್ಕೆ ಸೇರಿಸಿದ ಹೆಚ್ಚುವರಿ ಕಥೆಗಳು) ಇವರನ್ನು ಕರೆದೊಯ್ಯಲಾಗದು. ಹೊರಡುವ ಮೊದಲು ಅವರ ಹತ್ತಿರ ಬಿಟ್ಟಿರುವ ನಿಮ್ಮ ಒಳ್ಳೆಯ ಆಯುಧ, ಆರ್ಮರ್, ಗುಂಡುಗಳನ್ನು ವಾಪಸ್ ತೆಗೆದುಕೊಂಡು ಸೂಟ್‌ನ ಪೆಟ್ಟಿಗೆಯಲ್ಲಿಡಿ. ಆಟದ ಕೊನೆಯ ಹೂವರ್ ಡ್ಯಾಮ್ ಕಾಳಗಕ್ಕೆ ಹೊರಟ ಮೇಲೆ ವಾಪಸಾತಿ ಇಲ್ಲ. ಆದ್ದರಿಂದ ಯಾರ ಕ್ವೆಸ್ಟ್ ಬಾಕಿಯಿದೆಯೋ ಅದನ್ನು ಅದಕ್ಕೂ ಮೊದಲೇ, ಒಬ್ಬೊಬ್ಬರನ್ನಾಗಿ ಜೊತೆಗೆ ಕರೆದುಕೊಂಡು ಹೋಗಿ ಮುಗಿಸಿ.